ಬಾತಿಗೆ ನೀರು, ಚಾಕೊಲೇಟಿಗೆ ತಾಳ್ಮೆ

ಚಿ. ರಘುವಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಭಾನುವಾರ ಸ್ನೇಹಿತರನ್ನು ಊಟಕ್ಕೆ ಕರೆದಿದ್ದೀಯ, ಬಿಸಿಬೇಳೆಬಾತ್ ಮಾಡಿ ಕೊನೆಗೆ ನೀನೇ ಅಚ್ಚು ಹಾಕಿದ ಚಾಕೊಲೇಟ್ ಕೊಡಬೇಕೆಂದಿದ್ದೀಯ ಎಂದು ತಿಳಿದು ಸಂತೋಷವಾಯಿತು. ಎರಡೂ ಕೈಗೆ ಸಿಕ್ಕುವ ಕೆಲಸವೇ. ಆದರೆ ಅವುಗಳ ಸ್ವಭಾವ ಬೇರೆ ಬೇರೆ. ಬಾತಿಗೆ ನೀರು ಸಾಲದೆ ಹೋದರೆ ಕೆಟ್ಟಿತು, ಚಾಕೊಲೇಟಿಗೆ ಒಂದು ಹನಿ ನೀರು ಬಿದ್ದರೂ ಕೆಟ್ಟಿತು.

ನಾಲ್ಕು ಜನಕ್ಕೆ ಒಂದು ಲೋಟ ತೊಗರಿಬೇಳೆ, ಮುಕ್ಕಾಲು ಲೋಟ ಸೋನಾಮಸೂರಿ ಸಾಕು. ಬೇಳೆ ಅಕ್ಕಿಗಿಂತ ಹೆಚ್ಚಿರಬೇಕು, ಇಲ್ಲದಿದ್ದರೆ ಅದು ಸಾರನ್ನ ಆಗುತ್ತದೆ. ಐದೂವರೆ ಲೋಟ ನೀರು, ಚಿಟಿಕೆ ಅರಿಸಿನ, ಒಂದು ಚಮಚ ಎಣ್ಣೆ ಹಾಕಿ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸು. ನಿಮ್ಮ ಕಡೆ ಬೋರ್‌ವೆಲ್ ನೀರಾದರೆ ಬೇಳೆಗೆ ಫಿಲ್ಟರ್ ನೀರನ್ನೇ ಬಳಸು. ಗಡಸು ನೀರಿನಲ್ಲಿರುವ ಸುಣ್ಣದ ಅಂಶಕ್ಕೆ ಬೇಳೆ ಎಷ್ಟು ವಿಶಲ್ ಕೂಗಿದರೂ ಕರಗುವುದಿಲ್ಲ. ಹುಣಸೆಹುಳಿಯದೂ ಇದೇ ಕಥೆ. ಬೇಳೆಯಾಗಲಿ, ಹುರುಳಿಕಾಯಿ, ಕ್ಯಾರೆಟ್, ನವಿಲುಕೋಸಾಗಲಿ ಪೂರ್ತಿ ಬೆಂದ ಮೇಲೆಯೇ ಹುಳಿ ಬೀಳಬೇಕು.

ಪುಡಿಯನ್ನು ಮನೆಯಲ್ಲೇ ಮಾಡು, ಬಾತಿನ ಪರಿಮಳವೆಲ್ಲ ಅದರಲ್ಲೇ ಇದೆ. ಎರಡು ದೊಡ್ಡ ಚಮಚ ಕೊತ್ತಂಬರಿ ಬೀಜ, ಒಂದು ದೊಡ್ಡ ಚಮಚ ಕಡಲೆಬೇಳೆ, ಎರಡು ಸಣ್ಣ ಚಮಚ ಉದ್ದಿನಬೇಳೆ, ಕಾಲು ಚಮಚ ಮೆಂತ್ಯ, ಒಂದಿಂಚು ಚಕ್ಕೆ, ಮೂರು ಲವಂಗ, ಎರಡು ಮರಾಠಿ ಮೊಗ್ಗು, ಒಂದು ಚಮಚ ಗಸಗಸೆ. ಎಂಟು ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ, ಎರಡು ಗುಂಟೂರು ಖಾರಕ್ಕೆ. ಒಂದೊಂದನ್ನೂ ಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿ. ಎಲ್ಲ ಒಟ್ಟಿಗೆ ಬಾಣಲೆಗೆ ಹಾಕಿದರೆ ಕಡಲೆಬೇಳೆ ಕೆಂಪಾಗುವಷ್ಟರಲ್ಲಿ ಮೆಂತ್ಯ ಸೀದು ಇಡೀ ಪುಡಿ ಕಹಿಯಾಗುತ್ತದೆ. ಕೊನೆಗೆ, ಒಲೆ ಆರಿಸಿ, ಎರಡು ಚಮಚ ಒಣಕೊಬ್ಬರಿ ತುರಿ ಸೇರಿಸಿ ಪುಡಿ ಮಾಡು.

ನಿಂಬೆಗಾತ್ರದ ಹುಣಸೆಯ ರಸವನ್ನು ಬೆಂದ ತರಕಾರಿಗೆ ಹಾಕಿ, ಹಸಿ ವಾಸನೆ ಹೋಗುವವರೆಗೆ ಕುದಿಸು. ಉಪ್ಪು, ಅಡಿಕೆಯಷ್ಟು ಬೆಲ್ಲ ಹಾಕು. ಪುಡಿಯನ್ನು ತಣ್ಣೀರಿನಲ್ಲಿ ಕಲಸಿಯೇ ಸುರಿ, ಹಾಗೇ ಉದುರಿಸಿದರೆ ಗಂಟು ಕಟ್ಟುತ್ತದೆ. ಆಮೇಲೆ ಅನ್ನ-ಬೇಳೆ ಸೇರಿಸಿ ಹತ್ತು ನಿಮಿಷ ಸಣ್ಣ ಉರಿ. ಕೈಯಾಡಿಸುತ್ತಲೇ ಇರು, ತಳ ಹಿಡಿದರೆ ಆ ವಾಸನೆಯನ್ನು ಯಾವ ತುಪ್ಪವೂ ಮುಚ್ಚುವುದಿಲ್ಲ. ಇಳಿಸುವಾಗ ಸೌಟಿನಿಂದ ಸುರಿಯುವಷ್ಟು ತೆಳ್ಳಗಿರಲಿ, ತಟ್ಟೆಗೆ ಬರುವಷ್ಟರಲ್ಲಿ ತಾನೇ ಗಟ್ಟಿಯಾಗುತ್ತದೆ. ಒಗ್ಗರಣೆಗೆ ತುಪ್ಪ, ಸಾಸಿವೆ, ಇಂಗು, ಕರಿಬೇವು, ಗೋಡಂಬಿ. ಜೊತೆಗೆ ಖಾರಾಬೂಂದಿ.

ಇನ್ನು ಚಾಕೊಲೇಟ್. ಕೊಳ್ಳುವಾಗ ಹಿಂಬದಿಯ ಪಟ್ಟಿ ಓದು. ಕೋಕೋ ಬೆಣ್ಣೆ ಎಂದಿದ್ದರೆ ಅಸಲಿ. ಅದರ ಜಾಗದಲ್ಲಿ ವನಸ್ಪತಿ ಕೊಬ್ಬು ಇದ್ದರೆ ಅದು ಕಾಂಪೌಂಡ್. ಕಾಂಪೌಂಡನ್ನು ಬರೀ ಕರಗಿಸಿ ಸುರಿದರೆ ಸಾಕು, ಆದರೆ ತಿಂದ ಮೇಲೆ ಬಾಯಿಯ ಮೇಲ್ಗಡೆ ಮೇಣದಂತೆ ಅಂಟುತ್ತದೆ. ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೆ, ಅಂದರೆ ನಮ್ಮ ಮೈಯ ಶಾಖಕ್ಕಿಂತ ಸ್ವಲ್ಪ ಕೆಳಗೇ ಕರಗುತ್ತದೆ. ನಾಲಿಗೆಯ ಮೇಲಿಟ್ಟು ಅಗಿಯದೆ ಸುಮ್ಮನಿದ್ದರೆ ಸಿಗುವ ಸುಖ ಅದರದು. ಇನ್ನೊಂದು ವಿಷಯ, ಕೋಕೋ ಪರದೇಶದಲ್ಲಷ್ಟೇ ಬೆಳೆಯುತ್ತದೆ ಎಂದುಕೊಳ್ಳಬೇಡ. ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಲ್ಲೇ ಬೆಳೆಯುತ್ತದೆ, ಪುತ್ತೂರಿನಲ್ಲಿ ಅಡಿಕೆ-ಕೋಕೋ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊದ ಚಾಕೊಲೇಟ್ ಕಾರ್ಖಾನೆ 1986ರಿಂದ ಇದೆ.

200 ಗ್ರಾಂ ಡಾರ್ಕ್ ಚಾಕೊಲೇಟನ್ನು ಸಣ್ಣಗೆ ಹೆಚ್ಚಿ, 70 ಗ್ರಾಂ ಎತ್ತಿಡು. ಉಳಿದದ್ದನ್ನು ಒರೆಸಿ ಒಣಗಿಸಿದ ಬಟ್ಟಲಲ್ಲಿ ಹಾಕಿ, ಬಿಸಿನೀರಿನ ಪಾತ್ರೆಯ ಮೇಲಿಡು. ಬಟ್ಟಲಿನ ತಳ ನೀರಿಗೆ ತಾಗಬಾರದು, ನೀರು ಮರಳಬಾರದು. ಚಾಕೊಲೇಟ್ ಕರಗಿ 45 ಡಿಗ್ರಿಗೆ ಬಂದಾಗ ಬಟ್ಟಲನ್ನು ಕೆಳಗಿಳಿಸಿ, ಬಟ್ಟಲಿನ ಅಡಿ ಒರೆಸಿ, ಎತ್ತಿಟ್ಟದ್ದನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ 31-32 ಡಿಗ್ರಿಗೆ ಬರುವವರೆಗೆ ಕಲಕು. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಹನಿಯನ್ನು ಕೆಳತುಟಿಗೆ ಮುಟ್ಟಿಸು, ತುಸು ತಂಪೆನಿಸಬೇಕು. ಚಾಕುವಿನ ತುದಿಗೆ ಸವರಿದ್ದು ಐದು ನಿಮಿಷದಲ್ಲಿ ಹೊಳಪಿನಿಂದ ಗಟ್ಟಿಯಾದರೆ ಅಚ್ಚಿಗೆ ಸುರಿ. ಈ ಹದ ತಪ್ಪಿದರೆ ಚಾಕೊಲೇಟ್ ಮಂಕಾಗಿ, ಬೆರಳಿಗೆ ಅಂಟಿ, ಕೆಲವು ದಿನಕ್ಕೆ ಬೂದಿ ಬಣ್ಣದ ಗೆರೆ ಬರುತ್ತದೆ. ಅದು ಬೂಷ್ಟಲ್ಲ, ಮೇಲೆ ಬಂದ ಕೊಬ್ಬು. ತಿನ್ನಬಹುದು.

ನೀರು ತಾಗಿ ತರಿತರಿಯಾಗಿ ಮುದ್ದೆಗಟ್ಟಿತೆಂದುಕೋ. ಸಕ್ಕರೆಯೂ ಕೋಕೋ ಪುಡಿಯೂ ಆ ಹನಿಗೆ ಅಂಟಿಕೊಂಡಿರುತ್ತವೆ, ಇನ್ನು ಅಚ್ಚಿಗೆ ಒದಗದು. ಎಸೆಯಬೇಡ. ಬಿಸಿ ಹಾಲನ್ನು ಚಮಚ ಚಮಚವಾಗಿ ಬೆರೆಸಿ ಕಲಕಿದರೆ ನುಣ್ಣಗಾಗುತ್ತದೆ, ಬಾಳೆಹಣ್ಣಿನ ಮೇಲೆ ಸುರಿದು ಕೊಡು.

ಅಚ್ಚು ಹಾಕಿದ ಚಾಕೊಲೇಟನ್ನು ಫ್ರಿಜ್ಜಿನಲ್ಲಿ ಇಡಲೇಬೇಕಾದರೆ ಗಾಳಿಯಾಡದ ಡಬ್ಬಿಯಲ್ಲಿಡು. ಹೊರಗೆ ತೆಗೆದ ಮೇಲೆ ಒಂದು ಗಂಟೆ ಮುಚ್ಚಳ ತೆರೆಯಬೇಡ, ತೆರೆದರೆ ತೇವ ಕೂತು ಸಕ್ಕರೆ ಮೇಲೇಳುತ್ತದೆ.

ನಿನ್ನದು ಚಿಕ್ಕ ಅಡುಗೆಮನೆ. ಹಾಗಾಗಿ ಬೆಳಗ್ಗೆ ತಂಪಿರುವಾಗಲೇ ಚಾಕೊಲೇಟ್ ಮುಗಿಸು, ಅಚ್ಚು ಗಟ್ಟಿಯಾಗಿ ಡಬ್ಬಿ ಸೇರಿದ ಮೇಲೆ ಕುಕ್ಕರ್ ಇಡು. ಅಮ್ಮನಿಗೆ ಕೇಳಿದೆನೆಂದು ಹೇಳು.

ಇಂತಿ,
ನಿನ್ನ ದೊಡ್ಡಮ್ಮ