ಆಂಟಿಬಾಡಿ ಬಂದ ವಾರವೇ ಪರೀಕ್ಷೆ ಆಗಲಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯಲ್ಲಿ ವಿಜ್ಞಾನದ ಸುದ್ದಿ ಚೆನ್ನಾಗಿ ಬರುತ್ತದೆ. ಕ್ಯಾನ್ಸರ್ ಗಡ್ಡೆಯಲ್ಲಿ ಇಂಥ ಪ್ರೊಟೀನ್ ಜಾಸ್ತಿ, ಕಿಡ್ನಿ ಕಾಯಿಲೆಯಲ್ಲಿ ಅಂಥದ್ದು ಕಡಿಮೆ ಅಂತ ಓದುತ್ತೇವೆ. ಜಾಸ್ತಿ ಇದೆ ಅಂತ ಗೊತ್ತಾಗಿದ್ದು ಹೇಗೆ? ಬಹಳಷ್ಟು ಸಲ ಒಂದು ಆಂಟಿಬಾಡಿಯಿಂದ, ಅಂದರೆ ಶಾಲೆಯ ಪುಸ್ತಕದಲ್ಲಿ ಪ್ರತಿಕಾಯ ಅಂತ ಓದಿದ್ದೆವಲ್ಲ, ಅದರಿಂದ. ಆ ಒಂದು ಪ್ರೊಟೀನನ್ನು ಮಾತ್ರ ಹುಡುಕಿ ಹಿಡಿಯಲಿ ಅಂತಲೇ ಮಾಡಿದ್ದು ಅದು. ಅದೇ ಬೇರೆ ಯಾವುದನ್ನೋ ಹಿಡಿದರೆ? ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಹೋದ ವರ್ಷ ನಮಗೆ ಹಾಗೇ ಆಯಿತು, ಅದಕ್ಕೇ ಈ ಪತ್ರ.

ನಾವು ನೋಡುವುದು ಹಿಫ್-1 ಆಲ್ಫಾ ಅನ್ನುವ ಪ್ರೊಟೀನ್. ಜೀವಕೋಶಕ್ಕೆ ಆಮ್ಲಜನಕ ಕಡಿಮೆ ಬಿದ್ದಾಗ ಇದು ಕೆಲಸಕ್ಕೆ ಇಳಿಯುತ್ತದೆ. ಹೊಸ ರಕ್ತನಾಳ ಬೆಳೆಸುವುದು, ಆಮ್ಲಜನಕ ಇಲ್ಲದೆ ಸಕ್ಕರೆಯಿಂದ ಶಕ್ತಿ ತೆಗೆಯುವುದು, ಹೀಗೆ ಎಷ್ಟೋ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಗ್ರೆಗ್ ಸೆಮೆಂಜಾ ಅವರ ತಂಡಕ್ಕೆ ಇದರ ಸುಳಿವು ಸಿಕ್ಕಿದ್ದು 1992ರಲ್ಲಿ. ಕೆಂಪು ರಕ್ತಕಣ ಹೆಚ್ಚಿಸುವ ಎರಿಥ್ರೋಪೊಯೆಟಿನ್ ಜೀನಿನ ಬೆನ್ನು ಹತ್ತಿದವರು ಇದನ್ನು ಕಂಡರು. 2001ರಲ್ಲಿ ಬಾಸ್ಟನ್‌ನ ವಿಲಿಯಂ ಕೇಲಿನ್ ಮತ್ತು ಆಕ್ಸ್‌ಫರ್ಡ್‌ನ ಪೀಟರ್ ರಾಟ್‌ಕ್ಲಿಫ್ ಅವರ ತಂಡಗಳು ಇನ್ನೊಂದು ಗುಟ್ಟು ಬಿಡಿಸಿದವು. ಆಮ್ಲಜನಕ ಸಾಕಷ್ಟಿದ್ದಾಗ ಈ ಪ್ರೊಟೀನಿಗೆ ಒಂದು ಗುರುತು ಬೀಳುತ್ತದೆ, ಆ ಗುರುತನ್ನು ವಿಎಚ್‌ಎಲ್ ಅನ್ನುವ ಇನ್ನೊಂದು ಪ್ರೊಟೀನ್ ಹಿಡಿಯುತ್ತದೆ, ಕೋಶ ಅದನ್ನು ಒಡೆದು ಹಾಕುತ್ತದೆ. 2019ರ ವೈದ್ಯಕೀಯ ನೊಬೆಲ್ ಈ ಮೂವರಿಗೆ ಬಂತು. ಕಿಡ್ನಿ ಕಾಯಿಲೆಯವರ ರಕ್ತಹೀನತೆಗೆ ಇದೇ ದಾರಿಯಲ್ಲಿ ಕೆಲಸ ಮಾಡುವ ಡೆಸಿಡುಸ್ಟಾಟ್ ಅನ್ನುವ ಮಾತ್ರೆಗೆ ನಮ್ಮ ದೇಶದಲ್ಲೇ 2022ರಲ್ಲಿ ಒಪ್ಪಿಗೆ ಸಿಕ್ಕಿದೆ. ಅಂದರೆ ಇದು ಬರೀ ಪುಸ್ತಕದ ವಿಷಯ ಅಲ್ಲ.

ಹೋದ ವರ್ಷ ಹೊಸ ಆಂಟಿಬಾಡಿ ತರಿಸಿದೆವು. 100 ಮೈಕ್ರೋಲೀಟರ್, ಅಂದರೆ ಕಣ್ಣಿಗೆ ಬಿಡುವ ಔಷಧಿಯ ಎರಡು ಹನಿಯಷ್ಟು. ಬೆಲೆ 46 ಸಾವಿರ ರೂಪಾಯಿ. ಆರ್ಡರ್ ಹಾಕಿ ಏಳು ವಾರ ಕಾದ ಮೇಲೆ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಬಂತು. ನಮ್ಮ ಪಿಎಚ್‌ಡಿ ಹುಡುಗಿ, ಹಾವೇರಿ ಕಡೆಯವಳು, ಅವತ್ತೇ ಶುರು ಮಾಡಿದಳು. ಒಂದು ತಟ್ಟೆ ಕೋಶ ಮಾಮೂಲಿ ಇನ್‌ಕ್ಯುಬೇಟರ್‌ನಲ್ಲಿ, ಇನ್ನೊಂದು ತಟ್ಟೆ 1% ಆಮ್ಲಜನಕದ ಪೆಟ್ಟಿಗೆಯಲ್ಲಿ. ಮಾರನೇ ದಿನ ಕೋಶ ಒಡೆದು, ಪ್ರೊಟೀನ್‌ಗಳನ್ನು ತೂಕದ ಪ್ರಕಾರ ಬೇರೆ ಮಾಡುವ ಜೆಲ್‌ನಲ್ಲಿ ಓಡಿಸಿ, ಮೆಂಬ್ರೇನ್ ಅನ್ನುವ ತೆಳ್ಳನೆ ಹಾಳೆಗೆ ಇಳಿಸಿ, ಹಾಲಿನ ಪುಡಿ ಕದಡಿದ ನೀರಿನಲ್ಲಿ ನೆನೆಸಿ (ಹೌದು, ಕೆನೆ ತೆಗೆದ ಹಾಲಿನ ಪುಡಿಯೇ, ಆಂಟಿಬಾಡಿ ಕಂಡಕಂಡಲ್ಲಿ ಅಂಟದಿರಲಿ ಅಂತ), ಆಮೇಲೆ ಆಂಟಿಬಾಡಿ ಹಾಕಿ ರಾತ್ರಿಯಿಡೀ ಕೋಲ್ಡ್ ರೂಮಿನಲ್ಲಿ ಬಿಟ್ಟಳು. ಮೂರನೇ ದಿನ ಮಧ್ಯಾಹ್ನ ಕತ್ತಲೆ ಕೋಣೆಯಿಂದ ಕೂಗಿದಳು, "ಅಕ್ಕಾ, ಬಂತು ನೋಡ್ರಿ!"

ಬಂದಿತ್ತು. ಕಪ್ಪಗೆ, ಚೊಕ್ಕವಾಗಿ, 93 ಕಿಲೋಡಾಲ್ಟನ್ (ಪ್ರೊಟೀನಿನ ತೂಕದ ಅಳತೆ) ಹತ್ತಿರ ಒಂದು ಗೆರೆ. ಹಿಫ್-1 ಆಲ್ಫಾದಲ್ಲಿ 826 ಅಮೈನೋ ಆಮ್ಲ ಇವೆ, ಕೂಡಿಸಿ ನೋಡಿದರೆ ತೂಕ 93ರ ಆಸುಪಾಸೇ ಬರುತ್ತದೆ. ಅವಳು ಖುಷಿಪಟ್ಟಿದ್ದು ಸುಮ್ನೆ ಅಲ್ಲ. ಆದರೆ ಜೆಲ್‌ನಲ್ಲಿ ಈ ಪ್ರೊಟೀನ್ ಲೆಕ್ಕದ ತೂಕಕ್ಕೆ ನಿಲ್ಲುವುದಿಲ್ಲ. 110ರಿಂದ 120ರ ಹತ್ತಿರ ನಿಲ್ಲುತ್ತದೆ, ಅದೂ ಒಂದಿಷ್ಟು ಹರಡಿಕೊಂಡು. ಇನ್ನೂ ದೊಡ್ಡ ಅನುಮಾನ ಬೇರೆ ಇತ್ತು. ಎರಡೂ ಲೇನ್‌ನಲ್ಲಿ (ಒಂದೊಂದು ತಟ್ಟೆಯ ಕೋಶಕ್ಕೆ ಒಂದೊಂದು ಸಾಲು) ಗೆರೆ ಒಂದೇ ಥರ ಇತ್ತು. ಮಾಮೂಲಿ ಗಾಳಿಯಲ್ಲಿ ಬೆಳೆದ ಕೋಶದಲ್ಲಿ ಅದು ಕಾಣಲೇಬಾರದು ಅಥವಾ ತೀರಾ ಮಸುಕಾಗಿ ಇರಬೇಕು, ಅಲ್ವಾ?

ಮೊದಲು ನಮ್ಮ ಕೈಯದೇ ತಪ್ಪು ಅಂದುಕೊಂಡೆವು. ಅದಕ್ಕೂ ಕಾರಣ ಇದೆ. ಆಮ್ಲಜನಕ ತಗುಲಿದರೆ ಈ ಪ್ರೊಟೀನಿನ ಅರ್ಧ ಭಾಗ ಐದು ನಿಮಿಷದೊಳಗೇ ಮಾಯ. ಪೆಟ್ಟಿಗೆಯಿಂದ ತಟ್ಟೆ ತೆಗೆದು, ಕಾರಿಡಾರ್ ದಾಟಿ, ನಮ್ಮ ಬೆಂಚಿಗೆ ತಂದು, ತೊಳೆದು, ಬಫರ್ ಹಾಕುವಷ್ಟರಲ್ಲಿ ನೋಡಬೇಕಾದದ್ದೇ ಹೋಗಿರುತ್ತದೆ. ಹಾಗಾಗಿ ಎಲ್ಲ ಮತ್ತೆ ಮಾಡಿದೆವು. ಐಸ್ ಬಕೆಟ್ ಪೆಟ್ಟಿಗೆಯ ಬಾಗಿಲಿಗೇ ತಂದಿಟ್ಟೆವು. ಕೋಬಾಲ್ಟ್ ಕ್ಲೋರೈಡ್ ಹಾಕಿಯೂ ನೋಡಿದೆವು. ಗುಲಾಬಿ ಬಣ್ಣದ ಆ ದ್ರಾವಣ ಹಾಕಿದರೆ ಆಮ್ಲಜನಕ ಇದ್ದರೂ ಈ ಪ್ರೊಟೀನ್ ಒಡೆಯದೆ ಉಳಿಯುತ್ತದೆ. ಊಹೂಂ. ಪ್ರತಿ ಸಲವೂ ಅದೇ ಗೆರೆ, ಅಷ್ಟೇ ಕಪ್ಪು. ಕಂಪನಿಗೆ ಬರೆದರೆ ಸರಿಯಾಗಿ ಇಟ್ಟಿದ್ದೀರಾ, ಬ್ಲಾಕಿಂಗ್, ಅಂದರೆ ಆ ಹಾಲಿನ ಪುಡಿಯ ಹಂತ, ಸರಿ ಇತ್ತಾ ಅಂತ ಕೇಳಿದರು. ಮೂರು ಮೇಲ್ ಆದ ಮೇಲೆ ಪುಕ್ಕಟೆ ಇನ್ನೊಂದು ಕಳಿಸುತ್ತೇವೆ ಅಂದರು, ಅದೂ ಅದೇ ಲಾಟ್‌ನದ್ದು, ಅಂದರೆ ಒಂದೇ ಸಲ ತಯಾರಾದ ಸರಕಿನದ್ದು.

ಐದು ತಿಂಗಳು ಹೀಗೇ ಹೋಯಿತು. ಕೊನೆಗೆ ಪಕ್ಕದ ಲ್ಯಾಬಿನವರು ತಮ್ಮ ಹಳೇ ಆಂಟಿಬಾಡಿಯ ಒಂದು ಹನಿ ಕೊಟ್ಟರು, ಜೊತೆಗೆ ಎರಡು ಬಗೆಯ ಕೋಶ ಕೊಟ್ಟರು. ಎರಡೂ ಕಿಡ್ನಿ ಕ್ಯಾನ್ಸರ್‌ನಿಂದ ಬಂದವು, ಎರಡರಲ್ಲೂ ವಿಎಚ್‌ಎಲ್ ಕೆಟ್ಟಿರುತ್ತದೆ. ಆರ್‌ಸಿಸಿ4 ಅನ್ನುವುದರಲ್ಲಿ ಹಿಫ್-1 ಆಲ್ಫಾ ಮಾಮೂಲಿ ಗಾಳಿಯಲ್ಲೂ ತುಂಬಿರುತ್ತದೆ. 786-ಒ ಅನ್ನುವುದರಲ್ಲಿ ಅದು ಇರುವುದೇ ಇಲ್ಲ, ಅದರ ಹತ್ತಿರದ ಸಂಬಂಧಿ ಹಿಫ್-2 ಆಲ್ಫಾ ಮಾತ್ರ ಇರುತ್ತದೆ. ಒಂದೇ ಜೆಲ್‌ನಲ್ಲಿ ಎರಡನ್ನೂ ಪಕ್ಕಪಕ್ಕ ಓಡಿಸಿದೆವು. ಹಳೇ ಆಂಟಿಬಾಡಿ ಆರ್‌ಸಿಸಿ4ರಲ್ಲಿ 120ರ ಹತ್ತಿರ ಗೆರೆ ಕೊಟ್ಟಿತು, 786-ಒ ಲೇನ್ ಖಾಲಿ. ನಮ್ಮ 46 ಸಾವಿರದ್ದು ಎರಡರಲ್ಲೂ ಅದೇ 93ರ ಗೆರೆ ತೋರಿಸಿತು. ನಾವು ಐದು ತಿಂಗಳು ಅಳೆದದ್ದು ಯಾವ ಪ್ರೊಟೀನನ್ನು ಅನ್ನುವುದು ಇವತ್ತಿಗೂ ನಮಗೆ ಗೊತ್ತಿಲ್ಲ. ಆ ಹುಡುಗಿ ಮೆಂಬ್ರೇನ್ ಹಿಡಿದು ಸುಮಾರು ಹೊತ್ತು ಸುಮ್ಮನೆ ನಿಂತಿದ್ದಳು. ಫೆಲೋಶಿಪ್ ಮುಗಿಯಲು ಆಗ ಅವಳಿಗೆ ಇದ್ದದ್ದು ಒಂದೂವರೆ ವರ್ಷ.

ಕಂಪನಿಯ ಹೆಸರು ಬರೆಯುವುದಿಲ್ಲ, ಇದು ಒಬ್ಬರ ತಪ್ಪು ಅಲ್ಲವೇ ಅಲ್ಲ. 2015ರಲ್ಲೇ ನೂರಕ್ಕೂ ಹೆಚ್ಚು ವಿಜ್ಞಾನಿಗಳು ಸಹಿ ಹಾಕಿ ನೇಚರ್ ಪತ್ರಿಕೆಯಲ್ಲಿ ಬರೆದಿದ್ದರು, ಕೆಟ್ಟ ಆಂಟಿಬಾಡಿಗಳಿಗೆ ಪ್ರಪಂಚದಾದ್ಯಂತ ವರ್ಷಕ್ಕೆ ಸುಮಾರು 80 ಕೋಟಿ ಡಾಲರ್ ಪೋಲಾಗುತ್ತಿದೆ ಅಂತ. 2023ರಲ್ಲಿ ಕೆನಡಾದ ಮಾಂಟ್ರಿಯಲ್‌ನ ತಂಡವೊಂದು ನರಕೋಶಗಳಿಗೆ ಸಂಬಂಧಪಟ್ಟ 65 ಪ್ರೊಟೀನ್‌ಗಳಿಗೆ ಮಾರುಕಟ್ಟೆಯಲ್ಲಿರುವ 614 ಆಂಟಿಬಾಡಿಗಳನ್ನು ಒಂದೊಂದಾಗಿ ಪರೀಕ್ಷಿಸಿತು. ಆ ಜೀನನ್ನೇ ತೆಗೆದುಹಾಕಿದ ಕೋಶವನ್ನು ಪಕ್ಕದಲ್ಲಿಟ್ಟು ನೋಡಿದರು. ಜೀನ್ ಇಲ್ಲದ ಕೋಶದಲ್ಲೂ ಗೆರೆ ಬಂದರೆ ಆ ಗೆರೆ ಸುಳ್ಳು. ಒಂದೊಂದು ಪ್ರೊಟೀನಿಗೆ ಸರಾಸರಿ 12 ಪ್ರಬಂಧಗಳು ಹೀಗೆ ಫೇಲಾದ ಆಂಟಿಬಾಡಿ ಬಳಸಿ ಬರೆದವು ಅಂತ ತಿಳಿದುಬಂತು. ಹನ್ನೆರಡು! ಒಳ್ಳೆಯ ವಿಷಯ ಏನೆಂದರೆ ಕಂಪನಿಗಳೂ ಈ ಕೆಲಸದಲ್ಲಿ ಜೊತೆಗಿದ್ದವು. ಫೇಲಾದವುಗಳಲ್ಲಿ ಸುಮಾರು 20%ರಷ್ಟನ್ನು ಮಾರಾಟದಿಂದಲೇ ತೆಗೆದವು, ಸುಮಾರು 40%ಕ್ಕೆ ಯಾವ ಪ್ರಯೋಗಕ್ಕೆ ಬಳಸಬಹುದು ಅನ್ನುವ ಸಲಹೆ ಬದಲಿಸಿದವು. ಕೇಳಿದರೆ ಕೇಳಿಸಿಕೊಳ್ಳುತ್ತಾರೆ ಅಂತಾಯಿತು.

ಲಾಟ್ ಬದಲಾದಾಗಲೂ ತೊಂದರೆ ಆಗುತ್ತದೆ, ಯಾಕೆ ಅಂತ ಹೇಳಿಬಿಡುತ್ತೇನೆ. ಎಷ್ಟೋ ಆಂಟಿಬಾಡಿ ಬರುವುದು ಮೊಲದ ರಕ್ತದಿಂದ. ಆ ಮೊಲ ಸತ್ತರೆ ಮುಂದಿನದು ಇನ್ನೊಂದು ಮೊಲದ್ದು. ಕ್ಯಾಟಲಾಗ್ ನಂಬರ್ ಅದೇ, ಬಾಟಲಿಯ ಒಳಗಿನದು ಬೇರೆ. ಹಳೇ ಪ್ರಬಂಧದಲ್ಲಿ ಚೆನ್ನಾಗಿ ಕಂಡಿತ್ತು ಅಂತ ತರಿಸಿದರೆ ಹಾಗೇ ಬರುತ್ತದೆ ಅನ್ನುವ ಭರವಸೆ ಇಲ್ಲ. ಜೀನ್ ಕ್ರಮ ಗೊತ್ತಿದ್ದು ಕೋಶದಲ್ಲೇ ತಯಾರಿಸುವ ರಿಕಾಂಬಿನೆಂಟ್ ಆಂಟಿಬಾಡಿಗೆ ಈ ಕಾಟ ಬಹಳ ಕಡಿಮೆ, ಆ ಮಾಂಟ್ರಿಯಲ್ ಪರೀಕ್ಷೆಯಲ್ಲೂ ಅವೇ ಮುಂದಿದ್ದವು.

ಈಗ ನನ್ನ ಕೋರಿಕೆ. ಜೈವಿಕ ತಂತ್ರಜ್ಞಾನ ಇಲಾಖೆಯಿರಲಿ, ಕರ್ನಾಟಕದ ವಿಷನ್ ಗ್ರೂಪ್ ಆನ್ ಸೈನ್ಸ್ ಅಂಡ್ ಟೆಕ್ನಾಲಜಿ ಇರಲಿ, ಜನರ ದುಡ್ಡು ಲ್ಯಾಬುಗಳಿಗೆ ಕೊಡುವವರು ಒಂದು ಷರತ್ತು ಹಾಕಲಿ: ಆಂಟಿಬಾಡಿ ಬಂದ ವಾರವೇ, ಪ್ರೊಟೀನ್ ಖಂಡಿತ ಇರುವ ಕೋಶ ಒಂದು, ಖಂಡಿತ ಇಲ್ಲದ ಕೋಶ ಒಂದು ಇಟ್ಟು ಪರೀಕ್ಷೆ ಮಾಡಿ, ಆ ಪೂರ್ತಿ ಬ್ಲಾಟ್‌ನ (ಗೆರೆ ಮೂಡಿದ ಮೆಂಬ್ರೇನ್) ಚಿತ್ರವನ್ನು, ಬೇಕಾದ ಗೆರೆಯಷ್ಟನ್ನೇ ಕತ್ತರಿಸದೆ, ಲಾಟ್ ನಂಬರ್ ಸಮೇತ ಎಲ್ಲರೂ ನೋಡುವ ಕಡೆ ಹಾಕಬೇಕು. ಚೆನ್ನಾಗಿ ಬಂದದ್ದೂ ಹಾಕಲಿ, ಬರದೇ ಇದ್ದದ್ದೂ ಹಾಕಲಿ. ಅದಕ್ಕೆ ಹಿಡಿಯುವುದು ಮೂರು ದಿನ. ನಮಗೆ ಹೋದದ್ದು ಐದು ತಿಂಗಳು. ಈ ಹೆಚ್ಚಿನ ಕೆಲಸಕ್ಕೆ ಅನುದಾನದಲ್ಲೇ ಸ್ವಲ್ಪ ಹಣ ತೆಗೆದಿಡಲಿ, ಇಲ್ಲವಾದರೆ ಮತ್ತೆ ವಿದ್ಯಾರ್ಥಿಗಳ ತಲೆ ಮೇಲೇ ಬೀಳುತ್ತದೆ. ದೊಡ್ಡ ಸಂಸ್ಥೆಗಳಿಗಾದರೆ ಪಕ್ಕದ ಲ್ಯಾಬ್ ಇರುತ್ತದೆ, ಕೇಳಿದರೆ ಒಂದು ಹನಿ ಕೊಡುತ್ತಾರೆ. ಜಿಲ್ಲೆಯ ಒಂದು ಕಾಲೇಜಿನಲ್ಲಿ ಒಬ್ಬರೇ ಮೇಷ್ಟ್ರು, ಒಂದೇ ಫ್ರೀಜರ್ ಇಟ್ಟುಕೊಂಡು ಕೆಲಸ ಮಾಡುವವರು ಯಾರನ್ನು ಕೇಳಬೇಕು? ಆ ಪಟ್ಟಿ ನಿಜವಾಗಿ ಬೇಕಾಗಿರುವುದು ಅವರಿಗೆ.

ಮಾರ್ಗದರ್ಶಕರಿಗೂ ಒಂದು ಮಾತು. ಗೆರೆ ಬರಲಿಲ್ಲ ಅಂತ ವಿದ್ಯಾರ್ಥಿ ಬಂದು ಹೇಳಿದಾಗ ಮೊದಲು ಬೈಯಬೇಡಿ, ಕೂತು ಬ್ಲಾಟ್ ನೋಡಿ. ಗೆರೆ ಬಂತು ಅಂದಾಗ ಇನ್ನೂ ಜಾಸ್ತಿ ಹೊತ್ತು ನೋಡಿ. ನೊಬೆಲ್ ಬರುವ ಎರಡು ವರ್ಷ ಮೊದಲೇ, 2017ರಲ್ಲಿ, ಕೇಲಿನ್ ಅವರೇ ಬರೆದಿದ್ದರು, ಒಂದೇ ಪ್ರಬಂಧದಲ್ಲಿ ಎಷ್ಟೊಂದು ದೊಡ್ಡ ಮಾತು ಹೇಳಲು ಹೋಗುತ್ತಿದ್ದೇವೆ, ಒಂದೊಂದಕ್ಕೂ ಕೊಡುವ ಪುರಾವೆ ತೆಳ್ಳಗಾಗುತ್ತಿದೆ ಅಂತ. ಹಿಫ್ ಕೆಲಸಕ್ಕೇ ನೊಬೆಲ್ ಪಡೆದವರ ಮಾತು ಅದು.

ನಮ್ಮ ಫ್ರೀಜರ್ ಪಕ್ಕ ಈಗ ಒಂದು ಉದ್ದದ ನೋಟ್‌ಬುಕ್ ತೂಗಿಹಾಕಿದ್ದೇವೆ. ಬಂದ ತಾರೀಖು, ಲಾಟ್ ನಂಬರ್, ಯಾವ ಕೋಶದಲ್ಲಿ ಪರೀಕ್ಷಿಸಿದ್ದು, ಗೆರೆ ಎಷ್ಟರ ಹತ್ತಿರ, ಪಕ್ಕದಲ್ಲಿ ಬ್ಲಾಟ್‌ನ ಫೋಟೋ. ಇವತ್ತಿಗೆ ಹದಿನಾಲ್ಕು ಆಂಟಿಬಾಡಿ ಆಗಿವೆ, ಅದರಲ್ಲಿ ಐದಕ್ಕೆ ಕೆಂಪು ಅಡ್ಡಗೆರೆ. ಹಾವೇರಿಯ ಹುಡುಗಿ ಎಲ್ಲವನ್ನೂ ಕಂಪ್ಯೂಟರ್‌ಗೆ ಹಾಕಿದ್ದಾಳೆ, ಕೇಳಿದ ಲ್ಯಾಬುಗಳಿಗೆ ಕಳಿಸುತ್ತಿದ್ದೇವೆ.

ಇಂತಿ,
ನಿಮ್ಮ ಓದುಗಿ
ಬೆಂಗಳೂರು