ಸದಸ್ಯರ ಗಮನಕ್ಕೆ: ಮಳೆಗಾಲದ ರಾತ್ರಿಗಳಲ್ಲಿ ಮೈಯ ಸೂಚನೆ

ಆತ್ಮೀಯ ಸದಸ್ಯರೇ,

2018ರ ಆಗಸ್ಟ್‌ನ ಕೊಡಗಿನ ಭೂಕುಸಿತವನ್ನು ಕಂಡ ನಮ್ಮಲ್ಲಿ ಹಲವರಿಗೆ, ಹೆಂಚಿನ ಮೇಲೆ ಜೋರು ಮಳೆ ಬಿದ್ದೊಡನೆ ದವಡೆ ಬಿಗಿಯುವುದು, ಹೆಗಲು ಕಿವಿಯತ್ತ ಏರುವುದು, ಉಸಿರು ಎದೆಯ ಮೇಲ್ಭಾಗದಲ್ಲೇ ನಿಲ್ಲುವುದು ಇಂದಿಗೂ ಇದೆ. ಅಪಾಯವನ್ನು ನೆನಪಿಟ್ಟ ದೇಹ ಹೀಗೆ ಎಚ್ಚರಿಸುತ್ತದೆ. ಅದಕ್ಕಾಗಿ ಯಾರೂ ನಾಚಬೇಕಿಲ್ಲ. ಆಗ ಪಾದಗಳನ್ನು ನೆಲಕ್ಕೆ ಊರಿ ಕುಳಿತು, ಒಳಗೆಳೆದುದಕ್ಕಿಂತ ನಿಧಾನವಾಗಿ ಉಸಿರನ್ನು ಹೊರಬಿಟ್ಟರೆ ಹೃದಯದ ಬಡಿತ ಇಳಿಯುತ್ತದೆ. ಕಣ್ಣು ಮುಚ್ಚಿದರೆ ಗಾಬರಿ ಹೆಚ್ಚುವವರು ತೆರೆದೇ ಇಟ್ಟುಕೊಳ್ಳಿ.

ಹೊತ್ತಿಗೆ ಸರಿಯಾಗಿ ಗಂಜಿ ಕುಡಿಯುತ್ತೇನೆ, ರಾತ್ರಿ ಹತ್ತಕ್ಕೆ ಮೊಬೈಲ್ ಬದಿಗಿಡುತ್ತೇನೆ ಎಂದು ತನಗೆ ತಾನೇ ಕೊಟ್ಟ ಚಿಕ್ಕ ಮಾತನ್ನು ಉಳಿಸಿಕೊಳ್ಳುತ್ತ ಹೋದಂತೆ, ನನ್ನ ಅನಿಸಿಕೆಯಲ್ಲಿ, ತನ್ನ ಮೇಲಿನ ನಂಬಿಕೆ ಮರಳುತ್ತದೆ. ಆದರೆ ಬರೆಯಲ್ಲಿ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಇಳಿಜಾರಿನಲ್ಲಿ, ಬಿರುಕು ಕಂಡರೆ, ಒರತೆಯ ನೀರು ದಿಢೀರನೆ ಕೆಸರಾದರೆ ಉಸಿರಾಟದ ಅಭ್ಯಾಸ ಆಮೇಲೆ. ಮೊದಲು ಜಾಗ ಬಿಡಿ.

ನಿದ್ರೆಗೇಡು ವಾರಗಟ್ಟಲೆ ಮುಂದುವರಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ. ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ.