ರಬ್ಬರ್ ರಿಂಗ್ ಹೋದರೆ ಇಡೀ ಯೂನಿಟ್ ಬದಲಿಸಬೇಕಾ?

ಸಂಪಾದಕರಿಗೆ ನಮಸ್ಕಾರ,

ನಾನು ಆಲ್ದೂರು ಕಡೆಯ ಸಣ್ಣ ಕಾಫಿ ಬೆಳೆಗಾರ. ಮೆಕ್ಯಾನಿಕ್ ಅಲ್ಲ. ಆದರೆ ಹೋದ ತಿಂಗಳು ಮೂರು ದಿನ ಕಣದ ಪಕ್ಕದ ಶೆಡ್ಡಿನಲ್ಲಿ ಕೂತು ಕಾರಿನ ವಿವಿಟಿ ಯೂನಿಟ್ (ಎಂಜಿನ್ ವಾಲ್ವ್ ತೆರೆಯುವ ಹೊತ್ತನ್ನು ಹಿಂದೆಮುಂದೆ ಮಾಡುವ ಭಾಗ) ಬಿಚ್ಚಿ ಸರಿ ಮಾಡಿದೆ. ಆಗ ತಲೆಗೆ ಹತ್ತಿದ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಈ ಪತ್ರ.

ಕಾರು ಹಳೆಯ ಜರ್ಮನ್ ಗಾಡಿ, ಆರು ಸಿಲಿಂಡರ್ ಪೆಟ್ರೋಲ್. ಬೆಂಗಳೂರಿನ ಭಾವ ಓಡಿಸಿ ಸಾಕಾಗಿ ನನಗೆ ದಾಟಿಸಿದ್ದು. ಒಂದು ವರ್ಷದಿಂದ ಪಿಕಪ್ಪೇ ಇರಲಿಲ್ಲ. ಉಜಿರೆಯಿಂದ ಚಾರ್ಮಾಡಿ ಘಾಟಿ ಹತ್ತುವಾಗ ತಿರುವಿನಲ್ಲಿ ನಿಧಾನ ಮಾಡಿ ಮತ್ತೆ ಆಕ್ಸಿಲರೇಟರ್ ಒತ್ತಿದರೆ, ಕೆರೆಯಲ್ಲಿ ಮಲಗಿದ ಎಮ್ಮೆ ಎದ್ದ ಹಾಗೆ ಏಳುತ್ತಿತ್ತು. 3000 ಆರ್‌ಪಿಎಂ ದಾಟಿದ ಮೇಲೆ ಮಾತ್ರ ಏನೂ ಆಗಿಲ್ಲ ಅನ್ನುವ ಹಾಗೆ ಓಡುತ್ತಿತ್ತು. ದೊಡ್ಡ ವರ್ಕ್‌ಶಾಪ್ ಒಂದಕ್ಕೆ ತೆಗೆದುಕೊಂಡು ಹೋದೆ. ಸ್ಕ್ಯಾನರ್ ಹಾಕಿದರು, ಏನೂ ತೋರಿಸಲಿಲ್ಲ. ಕೊನೆಗೆ, "ಸಾರ್, ವಿವಿಟಿ ಯೂನಿಟ್ ಹೋಗಿದೆ, ಇದನ್ನ ಬಿಚ್ಚೋ ಹಾಗಿಲ್ಲ, ಪೂರ್ತಿ ಚೇಂಜ್ ಮಾಡ್ಬೇಕು" ಅಂದರು. ಕೂಲಿ ಸೇರಿ ಒಂದು ಲಕ್ಷದ ಮೇಲೆ. ಕಾರು ಮಾರಿದರೂ ಅದಕ್ಕಿಂತ ಬಹಳ ಜಾಸ್ತಿಯೇನೂ ಬರಲಿಕ್ಕಿಲ್ಲ!

ಈ ಯೂನಿಟ್ ಮಾಡುವ ಕೆಲಸ ಇಷ್ಟೇ: ಎಂಜಿನ್ ವೇಗಕ್ಕೆ ತಕ್ಕ ಹಾಗೆ ವಾಲ್ವ್ ಸ್ವಲ್ಪ ಬೇಗ ಅಥವಾ ಸ್ವಲ್ಪ ತಡವಾಗಿ ತೆರೆಯುವಂತೆ, ವಾಲ್ವ್‌ಗಳನ್ನು ಒತ್ತಿ ತೆರೆಯುವ ಕ್ಯಾಮ್ ಶಾಫ್ಟನ್ನು ಕೆಲವು ಡಿಗ್ರಿ ತಿರುಗಿಸುವುದು. ನನ್ನ ಗಾಡಿಯಲ್ಲಿ ಅದಕ್ಕೊಂದು ಪಿಸ್ಟನ್ ಇದೆ. ಆಯಿಲ್ ಪ್ರೆಶರ್ ಅದನ್ನು ತಳ್ಳುತ್ತದೆ, ಅದು ಓರೆ ಹಲ್ಲಿನ ಶಾಫ್ಟನ್ನು ತಳ್ಳುತ್ತದೆ, ಕ್ಯಾಮ್ ತಿರುಗುತ್ತದೆ. ಪಿಸ್ಟನ್ ಸುತ್ತ ಟೆಫ್ಲಾನ್ ರಿಂಗ್, ಅದರ ಕೆಳಗೆ ಅದನ್ನು ಹೊರಗೆ ಒತ್ತಿ ಹಿಡಿಯಲು ರಬ್ಬರ್ ಓ-ರಿಂಗ್. ಕಂಪನಿ ಹಾಕಿದ್ದು ಮಾಮೂಲಿ ನೈಟ್ರೈಲ್ ರಬ್ಬರ್. ನೂರು ಡಿಗ್ರಿ ಆಸುಪಾಸಿನ ಆಯಿಲಿನಲ್ಲಿ ವರ್ಷಗಟ್ಟಲೆ ಬೆಂದು ಅದು ಗಟ್ಟಿಯಾಗುತ್ತದೆ. ಆಮೇಲೆ ಒತ್ತುವ ಶಕ್ತಿ ಇರುವುದಿಲ್ಲ, ಆಯಿಲ್ ಪಕ್ಕದಿಂದ ಜಾರಿಹೋಗುತ್ತದೆ, ಪಿಸ್ಟನ್ ಹೇಳಿದ ಮಾತು ಕೇಳುವುದಿಲ್ಲ. ಕಾಯಿಲೆ ಇಷ್ಟೇ ನೋಡಿ.

ಶಾಖ ತಡೆಯುವ ವಿಟಾನ್ ರಬ್ಬರಿನ ರಿಂಗ್ ಸೆಟ್ಟಿಗೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ದಿನ ಅಲೆದೆ, ಸಿಗಲಿಲ್ಲ. ಹೊರದೇಶದಿಂದ ತರಿಸಿದೆ. ಸಾಗಣೆ ಸೇರಿ ಎಂಟು ಸಾವಿರದೊಳಗೆ ಮುಗಿಯಿತು. ಜೊತೆಗೆ ನಮ್ಮ ತೋಟಕ್ಕೆ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ರಿಪೇರಿಗೆ ಬರುವ ಹುಡುಗನನ್ನು ಕರೆದೆ. ಒಂದನೇ ಸಿಲಿಂಡರಿನ ಪಿಸ್ಟನ್ನನ್ನು ಟಿಡಿಸಿಗೆ, ಅಂದರೆ ತೀರಾ ಮೇಲಿನ ತುದಿಗೆ ತಂದು, ಕ್ಯಾಮ್ ಅಲುಗದ ಹಾಗೆ ಲಾಕ್ ಪ್ಲೇಟ್ ಕೂರಿಸಿದೆವು. ಇದನ್ನು ಬಿಟ್ಟರೆ ಕಥೆ ಮುಗಿದ ಹಾಗೆಯೇ. ಟೈಮಿಂಗ್ ತಪ್ಪಿದರೆ ಎಂಜಿನ್ನಿನ ಪಿಸ್ಟನ್‌ಗೆ ವಾಲ್ವ್ ಬಡಿದು ಬಾಗುತ್ತದೆ, ಹಾಗಾಗಿ ಎಲ್ಲರೂ ಸುಮ್ನೆ ಸ್ಪ್ಯಾನರ್ ಹಿಡಿದು ಹೊರಡಿ ಅಂತ ನಾನು ಹೇಳುತ್ತಿಲ್ಲ. ಶಾಫ್ಟ್ ಹಿಡಿದಿರುವ ಬೋಲ್ಟುಗಳದ್ದು ಉಲ್ಟಾ ಥ್ರೆಡ್. ಸೈಕಲ್ಲಿನ ಎಡ ಪೆಡಲ್ ಬಿಚ್ಚಿದವರಿಗೆ ಗೊತ್ತಿರುತ್ತದೆ, ಬಲಕ್ಕೆ ತಿರುಗಿಸಿದರೆ ಸಡಿಲ. ಇದು ಗೊತ್ತಿಲ್ಲದೆ ನಾನು ಮೊದಲನೆಯದನ್ನು ಇನ್ನಷ್ಟು ಬಿಗಿ ಮಾಡಿದ್ದೆ, ಪುಣ್ಯಕ್ಕೆ ತಲೆ ಸವೆಯಲಿಲ್ಲ.

ಹಳೆಯ ಓ-ರಿಂಗ್ ಕೈಗೆ ಬಂದಾಗ ಬಗ್ಗಿಸಲು ನೋಡಿದೆ, ಒಣಗಿದ ಕಡ್ಡಿ ಥರ ಲಟಕ್ಕನೆ ಮುರಿಯಿತು. ಹೊಸ ಟೆಫ್ಲಾನ್ ರಿಂಗ್ ತಣ್ಣಗಿದ್ದರೆ ಹಿಗ್ಗುವುದೇ ಇಲ್ಲ. ಮನೆಯವಳು ಕಾಫಿ ಲೋಟದಲ್ಲಿ ಬಿಸಿನೀರು ತಂದುಕೊಟ್ಟಳು. ಅದರಲ್ಲಿ ಎರಡು ನಿಮಿಷ ಬಿಟ್ಟು, ಹಿಗ್ಗಿಸಿ ಕೂರಿಸಿ, ಮತ್ತೆ ಬೆರಳಲ್ಲಿ ಒತ್ತಿ ಒತ್ತಿ ಅಳತೆಗೆ ತಂದೆವು. ಹುಡುಗ ನೋಡಿ, "ಏನ್ ಸಾರ್, ಇಷ್ಟೇನಾ? ನಮ್ ಪಂಪಿನ ವಾಷರ್ ಥರಾನೇ ಅಲ್ವಾ?" ಅಂದ. ಎಲ್ಲ ಜೋಡಿಸಿ, ಸ್ಟಾರ್ಟ್ ಮಾಡುವ ಮೊದಲು ಎಂಜಿನ್ನನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ ನೋಡಿದೆವು. ಈಗ ಚಾರ್ಮಾಡಿಯ ತಿರುವುಗಳಲ್ಲಿ ಗೇರ್ ಇಳಿಸದೆ ಎಳೆಯುತ್ತದೆ. ಬೆಳಗಿನ ಚಳಿಗೆ ಯೂನಿಟ್ ಕಡೆಯಿಂದ ಸಣ್ಣಗೆ ಟಕಟಕ ಸದ್ದು ಇನ್ನೂ ಇದೆ. ಅದು ಒಳಗಿನ ಬೇರಿಂಗ್ ಸಡಿಲದ್ದು, ರಿಂಗಿನದ್ದಲ್ಲ. ಅದನ್ನು ಮಳೆಗಾಲ ಕಳೆದ ಮೇಲೆ ನೋಡುತ್ತೇನೆ.

ನನ್ನ ಪ್ರಶ್ನೆ ಆ ವರ್ಕ್‌ಶಾಪಿನ ಹುಡುಗರಿಗಲ್ಲ, ಅವರಿಗೆ ಕಲಿಸಿದ್ದೇ ಬದಲಿಸುವುದನ್ನು. ಪ್ರಶ್ನೆ ಕಾರು ಕಂಪನಿಗಳಿಗೆ. ಬಿಡಿಭಾಗ ಮತ್ತು ತಪಾಸಣೆ ಸಲಕರಣೆಗಳನ್ನು ಹೊರಗಿನ ಗ್ಯಾರೇಜುಗಳಿಗೂ ಕೊಡಿ ಅಂತ, ಕಂಪನಿಗಳ ಪೈಪೋಟಿ ನ್ಯಾಯವಾಗಿರುವಂತೆ ನೋಡಿಕೊಳ್ಳುವ ಭಾರತೀಯ ಸ್ಪರ್ಧಾ ಆಯೋಗ 2014ರಲ್ಲೇ 14 ಕಂಪನಿಗಳಿಗೆ ಆದೇಶ ಮಾಡಿ, ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಮೇಲ್ಮನವಿ, ಕೋರ್ಟು ಅಂತ ಅದು ಎಳೆದುಕೊಂಡು ಹೋಯಿತು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರಿಪೇರಿ ಹಕ್ಕು' ಅಂತ ಸಮಿತಿ ಮಾಡಿ, ಅದೇ ವರ್ಷ ಡಿಸೆಂಬರಿನಲ್ಲಿ ಪೋರ್ಟಲ್ ಕೂಡ ತೆರೆಯಿತು. ಮೊಬೈಲ್, ಮನೆ ಸಾಮಾನು, ಕೃಷಿ ಯಂತ್ರಗಳ ಜೊತೆ ವಾಹನಗಳೂ ಅದರಲ್ಲಿವೆ. ಸಂತೋಷ. ಆದರೆ ಪೋರ್ಟಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಕೊಟ್ಟರೆ ನನಗೆ ರಿಂಗ್ ಸಿಗುತ್ತದಾ?

ಬೇಕಾಗಿರುವುದು ಜಾಸ್ತಿ ಏನಲ್ಲ. ಯೂನಿಟ್ ಒಳಗಿನ ಸೀಲುಗಳನ್ನು ಬಿಡಿಯಾಗಿ ಮಾರಲಿ. ಯಾವ ಬೋಲ್ಟ್ ಎಷ್ಟು ಬಿಗಿ (ಟಾರ್ಕ್), ಯಾವುದಕ್ಕೆ ಉಲ್ಟಾ ಥ್ರೆಡ್ ಅನ್ನುವ ರಿಪೇರಿ ಪುಸ್ತಕ ದುಡ್ಡು ಕೊಟ್ಟವರಿಗೆಲ್ಲ ಸಿಗಲಿ. ರಾಜ್ಯದ ಐಟಿಐಗಳಲ್ಲಿ ಮೋಟಾರ್ ಮೆಕ್ಯಾನಿಕ್ ಓದುವ ಮಕ್ಕಳ ಕೈಗೆ ಗುಜರಿಗೆ ಹೋಗುವ ಇಂಥ ಯೂನಿಟ್ಟುಗಳನ್ನು ಕೊಟ್ಟು ಬಿಚ್ಚಿಸಲಿ. ರ‍್ಯಾಲಿ ಕಾರುಗಳನ್ನು ರಾತ್ರೋರಾತ್ರಿ ಜೋಡಿಸಿ ಓಡಿಸುವುದನ್ನು ಕಂಡಿರುವ ಚಿಕ್ಕಮಗಳೂರಿನಲ್ಲಿ ಕಲಿಯುವ ಹುಡುಗರಿಗೇನೂ ಬರ ಇಲ್ಲ. ನನ್ನ ಜೊತೆ ಕೂತ ಪಲ್ಪರ್ ಹುಡುಗನೇ ಈಗ ಇನ್ನೊಬ್ಬರ ಕಾರಿನ ಯೂನಿಟ್ ಬಿಚ್ಚಲು ಒಪ್ಪಿಕೊಂಡಿದ್ದಾನೆ, ರಿಂಗ್ ಸೆಟ್ ಬರುವುದನ್ನೇ ಕಾಯುತ್ತಿದ್ದಾನೆ.

— ಒಬ್ಬ ಓದುಗ, ಆಲ್ದೂರು, ಚಿಕ್ಕಮಗಳೂರು ತಾಲ್ಲೂಕು